ಬಾಗಿಲ ಅಗಲ ನೋಡಿ ದೇಶ ಆರಿಸಿದವನು

ನನ್ನ ಅಣ್ಣ ದೇಶ ಬಿಡಲು ಹತ್ತು ವರ್ಷ ತಯಾರಿ ನಡೆಸಿದ. ಹತ್ತು ವರ್ಷ ತಯಾರಿ ನಡೆಸಿದವನಿಗೆ ಹೋಗುವ ಜಾಗದ ಬಗ್ಗೆ ಏನೇನು ಗೊತ್ತಿರಬೇಡ! ಅಲ್ಲಿಯ ಮನೆಬಾಗಿಲು ಎಷ್ಟು ಅಗಲ, ಮೆಟ್ಟಿಲಿನ ತಿರುವು ಎಷ್ಟು ಇಕ್ಕಟ್ಟು, ಲಿಫ್ಟಿನೊಳಗೆ ಬೀರು ನೆಟ್ಟಗೆ ನಿಲ್ಲುತ್ತದೋ ಓರೆ ಮಾಡಬೇಕೋ, ಇಷ್ಟು ಅವನಿಗೆ ಬಾಯಿಪಾಠ. ಇರುವ ಒಬ್ಬಳೇ ಮಗಳು ಆ ದೇಶದಲ್ಲಿ ಯಾರ ಜೊತೆ ಮಾತಾಡುತ್ತಾಳೆ ಅನ್ನುವುದೊಂದು ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕು ಅಂತ ಅನಿಸಿರಲೂ ಇಲ್ಲ. ಕಷ್ಟಪಟ್ಟು ಮೇಲೆ ಬಂದ ಮನುಷ್ಯ, ಹೊರದೇಶ ಸೇರಿದ ಅಂತ ಅವನನ್ನು ಹೊಗಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಒಡಹುಟ್ಟಿದ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳದಿದ್ದರೆ ಇನ್ಯಾರು ಹೇಳಬೇಕು?

ಮನೆ ಸಾಮಾನು ಕಟ್ಟಿ ಹೊರದೇಶಕ್ಕೆ ಸಾಗಿಸುವ ಕಂಪನಿಯೊಂದರಲ್ಲಿ ಅವನು ಇಪ್ಪತ್ತಾರು ವರ್ಷ ದುಡಿದ. ಹೊರುವವನಾಗಿ ಸೇರಿದ, ಆಮೇಲೆ ಕಟ್ಟುವವನಾದ, ಕೊನೆಗೆ ಆರು ಜನರ ಮೇಲೆ ಮೇಸ್ತ್ರಿಯಾದ. ಕೆಲಸ ಬರುತ್ತಿರಲಿಲ್ಲ ಅಂತ ನಾನು ಹೇಳಲಾರೆ. ಯಾರದೇ ಮನೆಗೆ ಹೋಗಲಿ, ನಡುಮನೆಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು ಒಂದು ಸುತ್ತು ಕಣ್ಣು ಹಾಯಿಸಿದರೆ ಸಾಕು, ಎಷ್ಟು ಪೆಟ್ಟಿಗೆ ಬೇಕು, ಎಷ್ಟು ಸುರುಳಿ ಟೇಪು ಬೇಕು ಅಂತ ಹೇಳಿಬಿಡುತ್ತಿದ್ದ. ತಪ್ಪಿದರೆ ಒಂದೋ ಎರಡೋ ಪೆಟ್ಟಿಗೆ. ಗಾಜಿನ ಲೋಟಗಳನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ ಬಾಯಿ ಕೆಳಗಾಗಿ ಜೋಡಿಸುವಾಗ ಅವನ ಬೆರಳು ನೋಡಬೇಕು, ಅಷ್ಟು ನಯ. ಸೊಂಟದಲ್ಲಿ ಬ್ಲೇಡು ನೇತಾಡುತ್ತಿದ್ದರೂ ಟೇಪು ಹರಿಯುತ್ತಿದ್ದುದು ಮಾತ್ರ ಹಲ್ಲಿನಿಂದ. ಮುಂದಿನ ಒಂದು ಹಲ್ಲಿನ ಮೂಲೆ ಸವೆದು ಹೋಗಿತ್ತು.

ಕೆಲಸದ ಜೊತೆಗೆ ಬಂದದ್ದು ಜಂಭ. ಸಾಮಾನು ಕಟ್ಟಿಸಿಕೊಂಡವರನ್ನೆಲ್ಲ ಮನೆಗೆ ಬಂದು ಒಬ್ಬೊಬ್ಬರನ್ನಾಗಿ ಹಿಡಿದು ಆಡಿಕೊಳ್ಳುತ್ತಿದ್ದ. ಒಬ್ಬರು ನಿವೃತ್ತ ಮೇಷ್ಟ್ರು ತಾವು ತಿದ್ದಿದ ಉತ್ತರ ಪತ್ರಿಕೆಗಳನ್ನು ಎರಡು ಪೆಟ್ಟಿಗೆ ತುಂಬಿಸಿದರಂತೆ. ಒಂದು ಗಂಡ-ಹೆಂಡಿರ ಜೋಡಿ ತಮ್ಮ ಹೊಸ ಹಾಸಿಗೆಯನ್ನು ಇಲ್ಲೇ ಬಿಟ್ಟು, ಬಾಗಿಲು ಹೊಡೆದುಕೊಳ್ಳದ ಹಾಗೆ ಇಡುತ್ತಿದ್ದ ಕಲ್ಲನ್ನು ಸುತ್ತಿಸಿಕೊಂಡು ಹೋಯಿತಂತೆ. "ಜನಕ್ಕೆ ಬುದ್ಧಿ ಇಲ್ಲ ಕಣೆ. ಏನು ತಗೊಂಡು ಹೋಗ್ಬೇಕು, ಏನು ಬಿಟ್ಟು ಹೋಗ್ಬೇಕು, ಒಬ್ಬರಿಗೂ ಗೊತ್ತಿಲ್ಲ," ಅನ್ನುವನು. ಇದು ಅವನ ವೇದವಾಕ್ಯ. ಊಟಕ್ಕೆ ಕೂತಾಗಲೆಲ್ಲ ಇದೇ ಪುರಾಣ, ಅತ್ತಿಗೆ ಹೂಂಗುಟ್ಟಬೇಕು.

ಇನ್ನು ಈ ಬುದ್ಧಿವಂತನ ಮನೆ ಹೇಗಿತ್ತು ಕೇಳಿ. ಮೂರನೇ ಮಹಡಿಯಲ್ಲಿ ಎರಡು ಕೋಣೆ. ಜನ ಬಿಟ್ಟು ಹೋದದ್ದೆಲ್ಲ ಆ ಎರಡು ಕೋಣೆಯಲ್ಲಿತ್ತು. ಪೆಡಲಿಲ್ಲದ ವ್ಯಾಯಾಮದ ಸೈಕಲ್ಲು, ನಿಂತುಹೋದ ಮೂರು ಗೋಡೆ ಗಡಿಯಾರ, ಮೀನಿಲ್ಲದ ಮೀನಿನ ತೊಟ್ಟಿ, ನೇತುಹಾಕಲು ಛಾವಣಿಯ ಎತ್ತರ ಸಾಲದ್ದಕ್ಕೆ ಕುರ್ಚಿಯ ಮೇಲೆ ಕೂರಿಸಿದ್ದ ಗಾಜಿನ ದೀಪದ ಗೊಂಚಲು. ಇವೆಲ್ಲಕ್ಕೂ ದೊಡ್ಡದು ಆಳೆತ್ತರದ ಕನ್ನಡಿಯ ಮರದ ಬೀರು. ಯಾವುದೋ ಡಾಕ್ಟರರ ಮನೆಯವರು ಬೇಡವೆಂದು ಬಿಟ್ಟದ್ದು. ಅದನ್ನು ಮೂರು ಮಹಡಿ ಏರಿಸಲು ಆರು ಜನರಿಗೆ ಒಂದು ಭಾನುವಾರವಿಡೀ ಹಿಡಿಯಿತು. ಆ ಮನೆಯಲ್ಲಿ ನೆಟ್ಟಗೆ ನಡೆದವರನ್ನು ನಾನು ನೋಡಿಲ್ಲ, ಎಲ್ಲರೂ ಅಡ್ಡಡ್ಡವಾಗಿಯೇ ಓಡಾಡುತ್ತಿದ್ದರು. ಅತ್ತಿಗೆಯ ಸೊಂಟದ ಎಡಗಡೆಗೆ ಬೀರಿನ ಹಿಡಿ ತಗುಲಿದ ನೀಲಿ ಗುರುತು ಯಾವಾಗಲೂ ಇರುತ್ತಿತ್ತು. ಹೊರದೇಶಕ್ಕೆ ಹೋಗುವವರು ಬೇಡ ಅಂತ ಬಿಸಾಕಿದ್ದನ್ನೆಲ್ಲ ಗುಡ್ಡೆ ಹಾಕಿಕೊಂಡು, ಅದನ್ನೇ ಕಟ್ಟಿಕೊಂಡು ಹೊರದೇಶಕ್ಕೆ ಹೋಗುತ್ತೇನೆ ಅನ್ನುವವನಿಗೆ ಏನೆನ್ನಬೇಕು? ಪೆದ್ದ ಅಂದರೆ ಪೆದ್ದರು ಬೇಜಾರು ಮಾಡಿಕೊಂಡಾರು.

ಈ ಸಾಮಾನಿನ ಸಂದಿಯಲ್ಲಿ ಬೆಳೆದವಳು ಅವನ ಮಗಳು. ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ನಾನು ಆಗಲೇ ಕಿವುಡು ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿ ಮೇಲ್ವಿಚಾರಕಿಯಾಗಿದ್ದೆ. ಐದು ವರ್ಷವಾಗುತ್ತಲೇ ಕರೆದುಕೊಂಡು ಹೋಗಿ ಅಲ್ಲಿಗೆ ಸೇರಿಸಿದೆ. ಸನ್ನೆ ಭಾಷೆಯನ್ನು ನನಗೆ ಯಾವ ಮೇಷ್ಟ್ರೂ ಕಲಿಸಲಿಲ್ಲ. ಮೇಷ್ಟ್ರುಗಳು ಕೈ ಕಟ್ಟಿಸಿ, ಬಾಯಿ ಅಗಲಿಸಿ 'ಅ, ಆ' ಅನ್ನಿಸುವುದರಲ್ಲೇ ಆಯುಸ್ಸು ಕಳೆದರು. ಭಾಷೆ ಇದ್ದದ್ದು ಹಾಸ್ಟೆಲಿನಲ್ಲಿ. ಹಲ್ಲುಜ್ಜುವ ಸಾಲಿನಲ್ಲಿ, ಬಟ್ಟೆ ಒಣಹಾಕುವ ಮಾಳಿಗೆಯಲ್ಲಿ ಮಕ್ಕಳಿಂದ ಮಕ್ಕಳು ಕಲಿಯುತ್ತಿದ್ದರು, ಅವರಿಂದ ನಾನೂ ಕಲಿತೆ. ಅವರು ಜನಕ್ಕೆ ಹೆಸರಿಡುವ ರೀತಿಯೇ ಬೇರೆ. ನನ್ನ ಹೆಸರು ಬೀಗದ ಕೈ ತಿರುಗಿಸುವುದು. ಅಣ್ಣನ ಮಗಳ ಹೆಸರು ಬಲ ಹುಬ್ಬಿನ ಮೇಲೆ ಬೆರಳಾಡಿಸುವುದು, ಯಾಕೆಂದರೆ ಅವಳಿಗೆ ಒಂದು ಹುಬ್ಬು ಮೇಲಕ್ಕೆ ಹಾರುವ ಚಾಳಿ. ಬರೆಯುವಾಗ ಅವಳನ್ನು ಹುಬ್ಬು ಅನ್ನುತ್ತೇನೆ. ಅಣ್ಣನಿಗೆ ಅವಳ ಗೆಳತಿಯರು ಇಟ್ಟ ಹೆಸರು ಟೇಪು ಕಚ್ಚಿ ಹರಿಯುವುದು. ಅವನು ಅದನ್ನು ನೋಡಿದ್ದ, ತನ್ನ ಹೆಸರು ಅಂತ ಗೊತ್ತಾಗಿರಲಿಲ್ಲ.

ಗೊತ್ತಾಗುವುದು ಹೇಗೆ? ಇಪ್ಪತ್ತು ವರ್ಷದಲ್ಲಿ ಅವನು ಕಲಿತ ಸನ್ನೆ ಐದಾರು. ಊಟ, ಬಾ, ಮಲಗು, ಸಾಕು, ಹೀಗೆ. ಯಾವುದೂ ಉತ್ತರ ಬೇಡುವಂಥದಲ್ಲ. ಕಲಿಯೋ ಅಣ್ಣ ಅಂದರೆ ಪುರುಸೊತ್ತೆಲ್ಲಿ ಅನ್ನುವನು. ಮೀನಿನ ತೊಟ್ಟಿ ಒರೆಸಲು ಪುರುಸೊತ್ತಿತ್ತು. ಅತ್ತಿಗೆ ಅಡುಗೆಮನೆಗೆ ಬೇಕಾದಷ್ಟು ತಾಯಿ-ಮಗಳ ಸನ್ನೆ ಮಾಡಿಕೊಂಡಿದ್ದರು. ದೊಡ್ಡ ಮಾತು ಬಂದಾಗ ಅವರದೂ ಕೈ ನಿಂತುಹೋಗುತ್ತಿತ್ತು. ಆಗೆಲ್ಲ ನನಗೆ ಬುಲಾವು. ಭಾನುವಾರ ಹೋಗಿ ಅಪ್ಪ-ಮಗಳ ನಡುವೆ ಕೂತು ಇತ್ತಲದ್ದನ್ನು ಅತ್ತ, ಅತ್ತಲದ್ದನ್ನು ಇತ್ತ ಮುಟ್ಟಿಸುವುದು ನನ್ನ ಕೆಲಸ.

ಮುಟ್ಟಿಸಿದೆನೇ? ಇಲ್ಲ. ತಿಪ್ಪೆ ಸಾರಿಸಿದೆ. "ಬೆಪ್ಪಿ, ಆ ಕೆಲಸ ಬಿಡು ಅಂತ ಹೇಳು," ಅಂತ ಅವನು ಅಂದರೆ, 'ಕೆಲಸ ಹೇಗಿದೆ ಅಂತ ಅಪ್ಪ ಕೇಳುತ್ತಿದ್ದಾರೆ' ಅಂತ ನನ್ನ ಕೈ ಹೇಳುತ್ತಿತ್ತು. 'ಟೇಪು ಕಚ್ಚುವವರಿಗೆ ನನ್ನ ಕೆಲಸದ ಉಸಾಬರಿ ಯಾಕೆ' ಅಂತ ಅವಳು ಅಂದರೆ, ನಾನು ಅಣ್ಣನ ಕಡೆ ತಿರುಗಿ, "ಸರಿ ಅಪ್ಪ ಅಂತಾಳೆ," ಅನ್ನುತ್ತಿದ್ದೆ. ಅವನಿಗೆ ಸಮಾಧಾನ, ಅವಳಿಗೆ ಅಷ್ಟೇನೂ ಸಿಟ್ಟಿಲ್ಲ, ಅತ್ತಿಗೆ ಕಾಫಿ ತರುವರು. ಮನೆಯಲ್ಲಿ ಜಗಳವಿಲ್ಲ ಅಂತ ನಾನು ಬೀಗುತ್ತಿದ್ದೆ. ನಾನಿಲ್ಲದೆ ಆ ಮನೆಯಲ್ಲಿ ಅಪ್ಪ-ಮಗಳ ಮಾತೇ ಇಲ್ಲ ಅನ್ನುವ ಹಮ್ಮು ಬೇರೆ.

ಅವನಿಗೆ ಅಷ್ಟು ಅಸಡ್ಡೆಯಾಗಿದ್ದ ಆ ಕೆಲಸ ಆಸ್ಪತ್ರೆಗಳ ಹೊದಿಕೆ ಒಗೆಯುವ ದೊಡ್ಡ ಲಾಂಡ್ರಿಯದು. ಒಗೆಯುವ ಯಂತ್ರಗಳ ಸದ್ದಿಗೆ ಅಲ್ಲಿ ಕಿವಿ ಕೇಳುವವರು ಕಿರುಚಿ ಕಿರುಚಿ ಗಂಟಲು ಹರಿದುಕೊಳ್ಳುತ್ತಾರೆ. ಹುಬ್ಬು ಮತ್ತು ಅವಳ ಇಬ್ಬರು ಗೆಳತಿಯರು ಹಜಾರದ ಈ ತುದಿಯಿಂದ ಆ ತುದಿಗೆ ಆರಾಮಾಗಿ ಹರಟೆ ಹೊಡೆಯುತ್ತಾರೆ. ಹೊದಿಕೆ ಮಡಿಸಲು ಇಬ್ಬರು ಬೇಕು, ನಾಲ್ಕು ಕೈಯೂ ಮೂಲೆ ಹಿಡಿದಿರುತ್ತವೆ, ಆಗ ಮಾತಿಲ್ಲ. ಮೂಲೆಗೆ ಮೂಲೆ ಸೇರಿಸಲು ಹತ್ತಿರ ಬಂದು, ಒಬ್ಬಳು ಎಲ್ಲವನ್ನೂ ತೆಗೆದುಕೊಂಡಾಗ ಇನ್ನೊಬ್ಬಳ ಕೈ ಬಿಡುವಾಗುತ್ತದೆ. ಆ ಎರಡು ಗಳಿಗೆಯಲ್ಲಿ ಅವಳು ಹೇಳಬೇಕಾದ್ದನ್ನು ಹೇಳಿ ಮುಗಿಸಬೇಕು. ಮುಂದಿನ ಹೊದಿಕೆಗೆ ಇವಳ ಸರದಿ. ಹೀಗೆ ದಿನಕ್ಕೆ ಮುನ್ನೂರು ಹೊದಿಕೆ ಮಡಿಸುವಷ್ಟರಲ್ಲಿ ಲೋಕದ ಎಲ್ಲರ ಗುಟ್ಟೂ ಬಯಲಾಗಿರುತ್ತದೆ. ನಾನು ಒಮ್ಮೆ ಹೋಗಿ ನೋಡಿದ್ದೆ. ಅಷ್ಟು ನಗುವ ಹುಬ್ಬುವನ್ನು ಆ ಬೀರಿನ ಮನೆಯಲ್ಲಿ ನಾನು ಕಂಡಿರಲಿಲ್ಲ.

ಇತ್ತ ಅಣ್ಣನ ದೇಶ ಹುಡುಕಾಟ ನಡೆದೇ ಇತ್ತು. ಅವನ ಹತ್ತಿರ ಒಂದು ಉದ್ದ ಪುಸ್ತಕ. ಅದರಲ್ಲಿ ಮೂರು ದೇಶಕ್ಕೆ ಮೂರು ಭಾಗ. ತಾನು ಸಾಮಾನು ಕಟ್ಟಿ ಕಳಿಸಿದವರಿಗೆಲ್ಲ ಕಾಗದ ಬರೆದು ಬಾಗಿಲಿನ ಅಗಲ, ಮೆಟ್ಟಿಲಿನ ಅಳತೆ ತರಿಸಿಕೊಳ್ಳುತ್ತಿದ್ದ. ಪಾಪ, ಕೆಲವರು ಟೇಪು ಹಿಡಿದು ಅಳೆದು ಕಳಿಸುತ್ತಲೂ ಇದ್ದರು. ಮೊದಲನೆಯ ದೇಶ ಬಾಗಿಲು ಕಿರಿದು ಅಂತ ಬಿತ್ತು. ಎರಡನೆಯದರಲ್ಲಿ ಮೆಟ್ಟಿಲು ಸುರುಳಿ ಸುತ್ತುತ್ತದೆಯಂತೆ, ಬೀರಿನ ಕನ್ನಡಿ ಉಳಿಯುವುದಿಲ್ಲವಂತೆ, ಅದೂ ಬಿತ್ತು. ಅಲ್ಲಿ ಕೆಲಸ ಸಿಗುತ್ತದೋ, ಕಾಯಿಲೆ ಬಿದ್ದರೆ ಯಾರು ನೋಡುತ್ತಾರೋ, ಪಕ್ಕದ ಮನೆಯವರು ಮುಖ ಕೊಟ್ಟು ಮಾತಾಡುತ್ತಾರೋ, ಇದೆಲ್ಲ ಆ ಪುಸ್ತಕದಲ್ಲಿ ಹುಡುಕಿದರೂ ಸಿಗುವುದಿಲ್ಲ. ಮೂರನೆಯ ದೇಶದಲ್ಲಿ ಬಾಗಿಲು ಮೂರಡಿ. ಬೀರು ಎರಡೂಮುಕ್ಕಾಲು. ದೇಶ ನಿಶ್ಚಯವಾಯಿತು.

ಹತ್ತು ವರ್ಷ ಹೀಗೇ ಆಡಿದವನು ಇನ್ನೂ ಹತ್ತು ವರ್ಷ ಆಡುತ್ತಾನೆ ಅಂದುಕೊಂಡಿದ್ದೆ. ಕಾಲ ಕೆಟ್ಟಿತು ನೋಡಿ, ಆ ಮೂರನೆಯ ದೇಶದಲ್ಲಿ ಕಂಪನಿಯ ಶಾಖೆಗೆ ಒಬ್ಬ ಅನುಭವಸ್ಥ ಮೇಸ್ತ್ರಿ ಬೇಕಾಯಿತು. ಸಂಸಾರ ಸಮೇತ ಹೋಗಬಹುದು, ಸಾಮಾನಿಗೆ ಅರ್ಧ ಕಂಟೇನರು ಕಂಪನಿಯದೇ. ಅರ್ಧ ಕಂಟೇನರು ಅಂದ ದಿನ ಅವನ ಮುಖ ನೋಡಬೇಕಿತ್ತು. ಅವನೂ ಅತ್ತಿಗೆಯೂ ಅಲ್ಲಿಯ ಭಾಷೆ ಕಲಿಯಲು ಸಂಜೆ ತರಗತಿಗೆ ಸೇರಿದರು. ಅತ್ತಿಗೆ ಮೂರು ತಿಂಗಳಲ್ಲಿ ಅಂಗಡಿಯ ಮಾತೆಲ್ಲ ಕಲಿತರು. ಇವನು ಪೆಟ್ಟಿಗೆ, ಹಗ್ಗ, ಹುಷಾರು ಅನ್ನುವುದರಲ್ಲೇ ಇದ್ದ.

ಹುಬ್ಬು ಏನು ಕಲಿಯಬೇಕು ಅಂತ ನಾನು ಕೇಳಿದೆ. ಅವನು ನಕ್ಕ. ನಾನೇ ದಡ್ಡಿ ಅನ್ನುವ ಹಾಗೆ ನಕ್ಕ.

"ಭಾಷೆ ತೊಂದರೆ ಬಾಯಿ ಇರೋರಿಗೆ ಕಣೆ. ಅವಳಿಗೇನು? ಕೈಗೆ ಎಲ್ಲ ದೇಶನೂ ಒಂದೇ. ಹಾಗೆ ನೋಡಿದ್ರೆ ನಮ್ಮೂವರಲ್ಲಿ ಅದೃಷ್ಟವಂತೆ ಅವಳೇ."

ಇಪ್ಪತ್ತು ವರ್ಷ ಮಗಳ ಕೈ ನೋಡಿ ಈ ಮನುಷ್ಯನಿಗೆ ಆದ ಜ್ಞಾನೋದಯ ಇದು. ಊರೂರಿಗೆ ಮಾತು ಬೇರೆಯಾದ ಹಾಗೆ ಸನ್ನೆಯೂ ಬೇರೆ ಅನ್ನುವುದು ನಮ್ಮ ಹಾಸ್ಟೆಲಿನ ಆರು ವರ್ಷದ ಮಗುವಿಗೂ ಗೊತ್ತು. ಬೇರೆ ಶಾಲೆಯಿಂದ ಬಂದ ಮಕ್ಕಳು ಮೊದಲ ತಿಂಗಳು ಪಿಳಿಪಿಳಿ ಕಣ್ಣು ಬಿಡುತ್ತಿರುತ್ತವೆ. ಅಣ್ಣ, ನೀನು ಹೇಳುವುದು ಶುದ್ಧ ತಪ್ಪು, ಅಲ್ಲಿ ಅವಳ ಕೈ ಯಾರಿಗೂ ಅರ್ಥವಾಗುವುದಿಲ್ಲ ಅಂತ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ವೀಸಾ ಬಂದಾಗ ನೋಡೋಣ, ಬರದೆಯೂ ಇರಬಹುದು, ಸುಮ್ಮನೆ ಈಗಲೇ ರಂಪ ಯಾಕೆ ಅಂದುಕೊಂಡೆ. ನನ್ನ ಜಾಣತನವೆಲ್ಲ ಇಷ್ಟೇ.

ಹುಬ್ಬು ತಾನೇ ಪತ್ತೆ ಹಚ್ಚಿದಳು. ಆ ದೇಶದ ಕಿವುಡರು ಮಾತಾಡುವ ವಿಡಿಯೋಗಳನ್ನು ಫೋನಿನಲ್ಲಿ ಹುಡುಕಿ, ಒಂದು ಭಾನುವಾರ ಹಾಸ್ಟೆಲಿಗೇ ಬಂದು ನನ್ನ ಮುಂದೆ ಹಿಡಿದಳು. ಒಬ್ಬ ಹೆಂಗಸು ಏನೋ ಕಥೆ ಹೇಳುತ್ತಿದ್ದಳು. ನನಗೂ ಒಂದಕ್ಷರ ತಿಳಿಯಲಿಲ್ಲ. ಪ್ರತಿ ವಿಡಿಯೋದ ಶುರುವಿನಲ್ಲೂ ಬರುವ ಅವರ 'ನಮಸ್ಕಾರ' ನಮ್ಮ 'ಹಲ್ಲುನೋವು'. ಮೊದಮೊದಲು ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಅವಳು ಫೋನು ಪಕ್ಕಕ್ಕಿಟ್ಟು ಹೇಳಿದಳು: ನಾನು ಹೋಗುವುದಿಲ್ಲ, ಅಪ್ಪನಿಗೆ ಹೇಳು. ಹೇಳುತ್ತೇನೆ ಅಂದೆ. ಮುಂದಿನ ಭಾನುವಾರ ಅವಳ ಎದುರಿಗೇ ಕೂತು, "ಯೋಚನೆ ಮಾಡ್ತಿದ್ದಾಳೆ ಅಣ್ಣ," ಅಂದೆ. ಅವನು ತಲೆಯಾಡಿಸಿದ. ಒಪ್ಪಿದನಾ ಅಂತ ಅವಳು ಕೇಳಿದಳು. ನೋಡೋಣ ಅಂದರು ಅಂತ ಹೇಳಿದೆ. ಇದೇ ರೀತಿ ಇನ್ನೊಂದು ಸಲವೂ ಆಯಿತು.

ಕೊನೆಗೆ ಅವಳು ಚೀಟಿ ಬರೆದು ಅವನ ಕೈಗೇ ಕೊಟ್ಟಳು. ಕಿವುಡು ಮಕ್ಕಳು ಬರೆಯುವಾಗ ಸನ್ನೆಯ ಸಾಲಿನಲ್ಲೇ ಬರೆಯುತ್ತಾರೆ, ಅವರಿಗೆ ಅದು ಸರಿಯಾದ ವಾಕ್ಯವೇ. ಚೀಟಿಯಲ್ಲಿ ಇದ್ದದ್ದು ಇಷ್ಟು: 'ದೇಶ ಅಲ್ಲಿ ಕೈ ಬೇರೆ. ನಾನು ಹೋಗು ಇಲ್ಲ. ಅಪ್ಪ ಅಮ್ಮ ಹೋಗು ಒಳ್ಳೆಯದು.' ಅಣ್ಣ ಅದನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದ. ಎರಡೆರಡು ಸಲ ಗಟ್ಟಿಯಾಗಿ ಓದಿದ, ನಕ್ಕ. ಕೈ ಬೇರೆ ಅಂದರೆ ಅಲ್ಲಿ ಬೇರೆ ಕೈಕೆಲಸ ಇದೆಯಾ ಅಂತ ಕೇಳುತ್ತಿದ್ದಾಳಾ ಅಂತ ನನ್ನನ್ನೇ ವಿಚಾರಿಸಿದ. ನಾನು ಆ ಚೀಟಿ ನೋಡಿದೆ, ಅವನ ಮುಖ ನೋಡಿದೆ. ಅವನ ಕಿಸೆಯಲ್ಲಿ ಬೀರಿಗೆ ಸುತ್ತುವ ಕಂಬಳಿಯ ಅಳತೆ ಬರೆದ ಕಾಗದ ಇಣುಕುತ್ತಿತ್ತು. "ಹೂಂ ಅಣ್ಣ, ಕೆಲಸದ ವಿಷಯ ಕೇಳ್ತಾಳೆ," ಅಂದುಬಿಟ್ಟೆ. ಆ ಒಂದು ಮಾತಿಗೆ ನನ್ನ ನಾಲಗೆ ಸೇದಿಹೋಗಬೇಕಿತ್ತು.

ಅಲ್ಲಿಂದ ಮುಂದೆ ಮನೆಯಲ್ಲಿ ಕಟ್ಟುವ ಗದ್ದಲ. ಸೈಕಲ್ಲಿನ ಚಕ್ರ ಬಿಚ್ಚಿದ, ಗೊಂಚಲಿನ ಒಂದೊಂದು ಗಾಜನ್ನೂ ಬೇರೆ ಬೇರೆ ಸುತ್ತಿದ, ಮೀನಿನ ತೊಟ್ಟಿಯೊಳಗೆ ಗಡಿಯಾರಗಳನ್ನು ಕೂರಿಸಿದ. ಪ್ರತಿ ಪೆಟ್ಟಿಗೆಯ ಮೇಲೂ ಬಾಣದ ಗುರುತು, ನಂಬರು. ಹುಬ್ಬುವಿನದೂ ಒಂದು ಪೆಟ್ಟಿಗೆ ಅಂತ ಹೊಸ ರಟ್ಟಿನ ಡಬ್ಬ ಮಡಿಸಿ ಕೊಟ್ಟಿದ್ದ. ವಾರಗಟ್ಟಲೆ ಅದು ಖಾಲಿಯೇ ಬಿದ್ದಿತ್ತು. ಅದನ್ನು ನೋಡಿಯಾದರೂ ತಲೆಗೆ ಹತ್ತಬೇಡವೇ? ಅವಳದ್ದು ಅಂಥದ್ದೇನೂ ಸಾಮಾನಿಲ್ಲ ಅಂತ ಅದರಲ್ಲಿ ತನ್ನ ಹಗ್ಗದ ಸುರುಳಿ ತುಂಬಿಕೊಂಡ. ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದು, ಹುಡುಗಿ ಸರಿಯಾಗಿ ಊಟ ಮಾಡುತ್ತಿಲ್ಲ, ನಿಮ್ಮ ಹತ್ತಿರ ಏನಾದರೂ ಹೇಳಿದಳಾ ಅಂತ ಕೇಳಿದರು. ಗೆಳತಿಯರನ್ನು ಬಿಟ್ಟು ಹೋಗುವ ಬೇಜಾರು ಅಂತ ಹೇಳಿ ಅವರ ಬಾಯಿಯನ್ನೂ ಮುಚ್ಚಿಸಿದೆ.

ಆಗ ಬಂತು ವೀಸಾ ಕಚೇರಿಯ ಕಾಗದ. ಹದಿನೆಂಟು ತುಂಬಿದವರೆಲ್ಲ ತಾವೇ ಬಂದು ಉತ್ತರ ಹೇಳಬೇಕು. ಕಿವಿ ಕೇಳದವರಿದ್ದರೆ ಕಚೇರಿಯೇ ದುಭಾಷಿಯನ್ನು ಕೊಡುತ್ತದೆ. ಸಂಬಂಧಿಕರು ದುಭಾಷಿಯಾಗುವಂತಿಲ್ಲ. ಅಣ್ಣ ಇದನ್ನು ಓದಿ, ಒಳ್ಳೆಯದಾಯಿತು, ನಿನಗೊಂದು ಕೆಲಸ ತಪ್ಪಿತು ಅಂದ. ಹುಬ್ಬು ಕಾಗದ ತೆಗೆದುಕೊಂಡು ಬೆರಳಿಟ್ಟು ನಿಧಾನವಾಗಿ ಓದಿದಳು. ಓದಿ ಮುಗಿಸಿ ನನ್ನ ಕಡೆ ನೋಡಿದಳು, ಬಲ ಹುಬ್ಬು ಮೇಲಕ್ಕೆ ಹಾರಿತ್ತು. ಕಚೇರಿಗೆ ಹೋಗಲು ಇನ್ನೂ ಎಂಟು ದಿನವಿತ್ತು. ಎಂಟು ದಿನವೂ ಅಣ್ಣನಿಗೆ ನಿಜ ಹೇಳಬೇಕು ಅಂತ ಹೊರಟು ಎಂಟು ದಿನವೂ ವಾಪಸು ಬಂದೆ.

ಕಚೇರಿಯ ಕೋಣೆಯಲ್ಲಿ ಒಂದು ಮೇಜು, ಅದರ ಹಿಂದೆ ಕನ್ನಡಕದ ಅಧಿಕಾರಿ, ಗೋಡೆ ಪಕ್ಕ ಜೊತೆಗೆ ಬಂದವರಿಗೊಂದು ಬೆಂಚು. ಬೆಂಚಿನ ಮೇಲೆ ನಾನು. ದುಭಾಷಿ ಇನ್ನೂ ಮೂವತ್ತು ತುಂಬದ ಹೆಂಗಸು, ಕೈ ಚೆನ್ನಾಗಿ ಕಾಣಲಿ ಅಂತ ಕಪ್ಪು ಅಂಗಿ ತೊಟ್ಟಿದ್ದಳು. ಅಧಿಕಾರಿಯ ಪಕ್ಕದಲ್ಲಿ ಹುಬ್ಬುವಿಗೆ ಎದುರಾಗಿ ಕೂತಳು. ಅಣ್ಣ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಉತ್ತರ ಕೊಟ್ಟ, ಆಮೇಲೆ ಅತ್ತಿಗೆ ಕೊಟ್ಟರು. ಹುಬ್ಬುವಿನ ಸರದಿ ಬಂತು. ನಿಮ್ಮ ಇಷ್ಟದಿಂದ ಹೋಗುತ್ತಿದ್ದೀರಾ ಅಂತ ಅಧಿಕಾರಿ ಕೇಳಿದರು. ದುಭಾಷಿ ಅದನ್ನು ಕೈಯಲ್ಲಿ ಹೇಳಿದಳು. ಹುಬ್ಬು ಒಮ್ಮೆ ಉಸಿರೆಳೆದುಕೊಂಡು ಶುರುಮಾಡಿದಳು, ದುಭಾಷಿ ಅವಳ ಕೈ ನೋಡುತ್ತ ಬಾಯಿ ತೆರೆದಳು.

"ಇಲ್ಲ. ನಾನು ಹೋಗಲ್ಲ. ಇಲ್ಲಿ ನನಗೆ ಕೆಲಸ ಇದೆ, ಜನ ಇದ್ದಾರೆ. ಅಲ್ಲಿಯ ಸನ್ನೆ ಬೇರೆ. ಇಲ್ಲಿ ನನಗೆ ಮಾತಿದೆ, ಅಲ್ಲಿಗೆ ಹೋದ್ರೆ ನಾನು ಮೂಗಿ ಆಗ್ತೀನಿ."

ಅಣ್ಣ ದುಭಾಷಿಯನ್ನೇ ದಿಟ್ಟಿಸಿ ನೋಡಿದ. ಅವನಿಗೆ ಗೊತ್ತಿದ್ದ ಮಗಳ ಮಾತೆಲ್ಲ 'ಅಂತಾಳೆ' ಅಂತ ಕೊನೆಯಾಗುವ ಮಾತು. 'ನಾನು' ಅಂತ ಶುರುವಾಗುವ ಮಾತು ಅವಳಿಂದ ಅವನ ಕಿವಿಗೆ ಬಿದ್ದೇ ಇರಲಿಲ್ಲ. ತಾನು ಎಲ್ಲಿ ಕೂತಿದ್ದೇನೆ ಅನ್ನುವುದನ್ನೂ ಮರೆತು ಆ ಹೆಂಗಸಿನ ಮೇಲೆ ಹರಿಹಾಯ್ದ.

"ನೀವು ಬರೋದು ಬೇಡ ತಾಯಿ, ನಿಮ್ಮನ್ನ ಯಾರು ಕರೆದ್ರು? ನನ್ನ ಮಗಳು ಏನಂತಾಳೆ, ಅದನ್ನ ಹೇಳಿ."

ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನಿಸಿತು. ದುಭಾಷಿ ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಅವನು ಅಂದದ್ದನ್ನು, ಅವನ ಸಿಟ್ಟಿನ ಸಮೇತ, ಒಂದಕ್ಷರ ಬಿಡದೆ ಕೈಯಲ್ಲಿ ಹೇಳಿದಳು. ನಾನು ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಮಾಡದ ಕೆಲಸ. ಹುಬ್ಬು ಅದನ್ನು ನೋಡಿ ಅಪ್ಪನ ಕಡೆ ತಿರುಗಿದಳು. ಅವನ ಮುಖಕ್ಕೆ ಮುಖ ಕೊಟ್ಟು ಎರಡೇ ಸನ್ನೆ ಮಾಡಿದಳು. ಪಕ್ಕದಿಂದ ಆ ಹೆಂಗಸಿನ ದನಿ ಬಂತು.

"ಅಪ್ಪ, ನಾನೇ ಹೇಳ್ತಿರೋದು."

ಅಣ್ಣ ಆ ಬಾಯಿ ನೋಡಿದ, ಮಗಳ ಕೈ ನೋಡಿದ, ಮತ್ತೆ ಬಾಯಿ ನೋಡಿದ. ಹುಬ್ಬು ಈಗ ನಿಲ್ಲಿಸಲಿಲ್ಲ. ಇದನ್ನೇ ಅತ್ತೆಯ ಹತ್ತಿರ ಎರಡು ಸಲ ಹೇಳಿಸಿದ್ದೆ, ಚೀಟಿ ಬರೆದು ಕೊಟ್ಟಿದ್ದೆ, ನೀನು ಉತ್ತರ ಕೊಡಲಿಲ್ಲ, ನಾನು ಬೇಡ ಅಂದದ್ದು ನಿನಗೆ ಲೆಕ್ಕಕ್ಕೇ ಇಲ್ಲ ಅಂದುಕೊಂಡೆ ಅಂತ ಹೇಳಿದಳು. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡರು. ಅಧಿಕಾರಿ, ವಯಸ್ಸಿಗೆ ಬಂದವರನ್ನು ಇಷ್ಟವಿಲ್ಲದೆ ಕಳಿಸುವಂತಿಲ್ಲ, ಇವರ ಹೆಸರು ಅರ್ಜಿಯಿಂದ ತೆಗೆಯುತ್ತೇವೆ, ನಿಮ್ಮಿಬ್ಬರದು ಮುಂದುವರಿಯುತ್ತದೆ ಅಂದರು. ಹುಬ್ಬು ತೋರಿಸಿದ ಕಡೆ ಸಹಿ ಹಾಕಿದಳು.

ಹೊರಗೆ ಉದ್ದನೆಯ ಓಣಿ. ಅಣ್ಣ ನನ್ನನ್ನು ಗೋಡೆ ಪಕ್ಕಕ್ಕೆ ಕರೆದ. ಕೈ ಎತ್ತುತ್ತಾನೆ ಅಂದುಕೊಂಡೆ, ಎತ್ತಿದರೆ ಒಳ್ಳೆಯದು ಅಂತಲೂ ಅನಿಸಿತು. ಅವನು ಬಹಳ ಮೆಲ್ಲಗೆ ಕೇಳಿದ.

"ಸರಿ ಅಪ್ಪ ಅಂತಾಳೆ, ಸರಿ ಅಪ್ಪ ಅಂತಾಳೆ ಅಂತಿದ್ಯಲ್ಲ ಇಷ್ಟು ವರ್ಷ. ಅವಳು ಎಷ್ಟು ಸಲ ಅಂದಿದ್ಲು?"

"ಒಂದು ಸಲನೂ ಇಲ್ಲ," ಅಂದೆ.

ಅವನು ತಲೆ ಎತ್ತಿದ. ಜನ ಬಿಟ್ಟು ಹೋದ ಸಾಮಾನನ್ನು ಮುಟ್ಟಿ ನೋಡಿ ಇದು ಯಾತಕ್ಕೂ ಬಾರದು ಅಂತ ತೀರ್ಮಾನಿಸುವಾಗ ಹೇಗೆ ನೋಡುತ್ತಿದ್ದನೋ ಹಾಗೆ ನನ್ನನ್ನು ನೋಡಿದ.

"ನಾನು ದಡ್ಡ, ಆಯ್ತು. ನಿನಗೆ ಗೊತ್ತಿತ್ತಲ್ಲ."

ಜೀವಮಾನವೆಲ್ಲ ನಾನು ಹೀಯಾಳಿಸಿದ ಮನುಷ್ಯ ಅವನು. ಅವನು ತಪ್ಪು ತಿಳಿದಿದ್ದ. ನಾನು ಸರಿಯಾಗಿ ತಿಳಿದಿದ್ದೂ ಬಾಯಿ ಮುಚ್ಚಿಕೊಂಡಿದ್ದೆ.

ದುಭಾಷಿ ಓಣಿಯ ಆ ತುದಿಯಲ್ಲಿ ಕಿಟಕಿ ಹತ್ತಿರ ನೀರು ಕುಡಿಯುತ್ತ ನಿಂತಿದ್ದಳು. ಅಣ್ಣ ಅಲ್ಲಿಗೆ ಹೋದ. ಬೈದದ್ದಕ್ಕೆ ಕೈ ಮುಗಿದ. "ಒಂದೈದು ನಿಮಿಷ ಇರ್ತೀರಾ ಅಮ್ಮ? ನನ್ನ ಮಗಳ ಹತ್ತಿರ ಮಾತಾಡ್ಬೇಕಿತ್ತು," ಅನ್ನುವುದು ನನಗೆ ಕೇಳಿಸಿತು. ಅವಳು ಲೋಟ ಕಿಟಕಿಯಲ್ಲಿಟ್ಟು ಕೈ ಒರೆಸಿಕೊಂಡಳು. ನಾನು ಅಭ್ಯಾಸಬಲದಿಂದ ಎರಡು ಹೆಜ್ಜೆ ಮುಂದೆ ಹೋದೆ. ಅತ್ತಿಗೆ ನನ್ನ ತೋಳು ಹಿಡಿದು ನಿಲ್ಲಿಸಿದರು.

ಹುಬ್ಬು ಅಪ್ಪನ ಎದುರಿಗೆ ಹೋಗಿ ನಿಂತಳು. ಅವನು ನನಗೆ ಕೇಳಿಸದಷ್ಟು ಮೆಲ್ಲಗೆ ಏನೋ ಕೇಳಿದ. ಉತ್ತರ ಕೊಡುವ ಮೊದಲು ಅವಳು ತಿರುಗಿ ನಾನು ಎಲ್ಲಿದ್ದೇನೆ ಅಂತ ನೋಡಿಕೊಂಡಳು. ಕಿವಿ ಕೇಳುವವರು ಪಿಸುಗುಟ್ಟುವ ಜಾಗದಲ್ಲಿ ಕಿವುಡರು ಬೆನ್ನು ತಿರುಗಿಸುತ್ತಾರೆ. ಅವಳು ತನ್ನ ಕೈ ನನಗೆ ಕಾಣದ ಹಾಗೆ ಬೆನ್ನು ತಿರುಗಿಸಿ ನಿಂತು ಮಾತಿಗೆ ಶುರುಮಾಡಿದಳು.